ಸ್ಕ್ರೂ ಹಾಕಿದ ಬೆನ್ನಿಗೆ ಸರಳ ಪಾಠ

ನನ್ನ ಬೆನ್ನಿಗೆ ನಾಲ್ಕು ಸ್ಕ್ರೂ ಬಿದ್ದ ದಿನದಿಂದ ನಗುವ ಸಂಗತಿಗಳು ನನ್ನ ಬೆನ್ನು ಹತ್ತಿವೆ. ಬೇರೆಯವರಿಗೆ ಆಪರೇಷನ್ ಆದರೆ ನೋಡಲು ಬಂದವರು ಹಣ್ಣು ಕೊಟ್ಟು, ಮುಖ ಸಣ್ಣ ಮಾಡಿಕೊಂಡು ಹೋಗುತ್ತಾರೆ. ನನ್ನನ್ನು ನೋಡಲು ಬಂದವರು ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೋದರು. ಜೊತೆಗೆ ನಗಲು ಹೋದರೆ ನನಗೆ ಮಾತ್ರ ನೋವು. ಈಗ ನೋವಿಲ್ಲ, ಹಾಗಾಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುವ ಆಸೆ.

ನಾನು ಮುಂಬಯಿಯ ಘಾಟ್ಕೋಪರ್ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತೊಂದು ವರ್ಷದಿಂದ ದೋಸೆ ಕಾವಲಿಯ ಮುಂದೆ ನಿಂತವನು. ಎಲ್ಲರೂ ದೋಸೆ ಭಟ್ರು ಅನ್ನುತ್ತಾರೆ. ನನ್ನ ನಿಜವಾದ ಹೆಸರು ಗೊತ್ತಿರುವುದು ಹೆಂಡತಿಗೆ ಮತ್ತು ರೇಷನ್ ಕಾರ್ಡಿಗೆ.

೧. ಬೆನ್ನು ಬಗ್ಗಿಸಿ ದುಡಿದವರು

ಒಂದು ಬೆಳಿಗ್ಗೆ ಹಿಟ್ಟಿನ ಪಾತ್ರೆ ಎತ್ತಿದವನು ಕಾಲಿಗೆ ಕರೆಂಟ್ ಹೊಡೆದ ಹಾಗಾಗಿ ಅಲ್ಲೇ ಕುಳಿತುಬಿಟ್ಟೆ. ಪಾತ್ರೆ ಬೀಳಲಿಲ್ಲ. ಅದೊಂದು ಹೆಮ್ಮೆ ಈಗಲೂ ಇದೆ. ಆಸ್ಪತ್ರೆಯಲ್ಲಿ ಫೋಟೋ ತೆಗೆದು ನೋಡಿದರೆ ಸೊಂಟದ ಹತ್ತಿರ ಬೆನ್ನೆಲುಬಿನ ಒಂದು ಮೂಳೆ ಕೆಳಗಿನದರ ಮೇಲಿಂದ ಜಾರಿತ್ತು. ಎರಡನ್ನೂ ಸೇರಿಸಿ ಸ್ಕ್ರೂ, ಸರಳು ಹಾಕಿ ಒಂದೇ ಮಾಡಬೇಕು ಅಂದರು ಸರ್ಜನ್.

ಆಪರೇಷನ್ ಮುಗಿದ ಮೇಲೆ ನಾನು ಕೇಳಿದ್ದು ಒಂದೇ ಪ್ರಶ್ನೆ. "ಕಾವಲಿ ಮುಂದೆ ಯಾವಾಗ ನಿಲ್ಲಬಹುದು?"

"ಮೂಳೆ ತಾನಾಗಿ ಕೂಡಿಕೊಳ್ಳುತ್ತದೆ," ಅಂದರು ಸರ್ಜನ್. "ಆದರೆ ಬೆನ್ನಿನ ಸ್ನಾಯುಗಳನ್ನು ಸರಿಸಿ ಒಳಗೆ ಹೋಗಿದ್ದೇವೆ. ಅವು ಸೋತಿವೆ. ಅವಕ್ಕೆ ಬಲ ತರುವುದು ನಿಮ್ಮ ಕೆಲಸ. ಆರು ತಿಂಗಳು ನೋಡೋಣ. ಬಲ ಬರದಿದ್ದರೆ ಕುಳಿತು ಮಾಡುವ ಕೆಲಸ ಹುಡುಕಿಕೊಳ್ಳಿ."

ಹೋಟೆಲಿನಲ್ಲಿ ಕುಳಿತು ಮಾಡುವ ಕೆಲಸ ಒಂದೇ ಇರುವುದು. ಅದು ಗಲ್ಲಾ, ಅಲ್ಲಿ ಧಣಿಗಳು ಕುಳಿತಿದ್ದಾರೆ. ಕಾವಲಿ ಕೈತಪ್ಪಿದರೆ ನಾನು ಯಾರು ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಹದಿನಾರನೆಯ ವಯಸ್ಸಿನಿಂದ ಬೇರೇನೂ ಕಲಿತವನಲ್ಲ.

ಸಂಜೆ ಧಣಿಗಳೇ ನೋಡಲು ಬಂದರು. "ಭಟ್ರೇ, ನಿಮ್ಮ ಜಾಗ ನಿಮ್ಮದೇ. ಆದ್ರೆ ಕಾವಲಿ ಆರು ತಿಂಗಳು ತಣ್ಣಗೆ ಇಡ್ಲಿಕ್ಕೆ ಆಗ್ತದಾ? ಸದ್ಯಕ್ಕೆ ಒಬ್ಬನನ್ನು ಹಾಕಿದ್ದೇನೆ," ಅಂದರು. ಆಮೇಲೆ ಅವರಿಗೇ ಬೇಸರವಾಗಿ, ಪಕ್ಕದಲ್ಲಿದ್ದ ಮಂಗಳೂರಿನ ನರ್ಸಿನ ಕಡೆ ತಿರುಗಿ ನನ್ನನ್ನು ಹೊಗಳಿದರು. "ಇವರು ಯಾರು ಅಂತ ಮಾಡಿದ್ದೀರಿ ಸಿಸ್ಟರ್? ಮೂವತ್ತೊಂದು ವರ್ಷ ಬೆನ್ನು ಬಗ್ಗಿಸಿ ದುಡಿದ ಮನುಷ್ಯ."

ನರ್ಸ್ ಸಲೈನ್ ಸರಿಮಾಡುತ್ತಾ ಹೇಳಿದಳು, "ಗೊತ್ತುಂಟು ಸರ್. ಕೇಸ್ ಪೇಪರಲ್ಲಿ ಕಾಯಿಲೆ ಅಂತ ಅದನ್ನೇ ಬರೆದದ್ದು."

೨. ತಾಈ ಬಂದಳು

ನನ್ನ ಹೆಂಡತಿ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಹಗಲು ನನ್ನನ್ನು ನೋಡಿಕೊಳ್ಳಲು ಊರಿಂದ ಅಕ್ಕ ಬಂದಳು. ಅಕ್ಕ ಉಡುಪಿ ಕಡೆಯ ಪ್ರೈಮರಿ ಶಾಲೆಯಲ್ಲಿ ಮೂವತ್ತೈದು ವರ್ಷ ಟೀಚರಾಗಿ ರಿಟೈರ್ ಆದವಳು. ಮದುವೆ ಕಾಗದ ಬಂದರೂ ಮೊದಲು ಕೆಂಪು ಪೆನ್ನು ತೆಗೆದು ಮಹಾಪ್ರಾಣ ಸರಿಯಾಗಿದೆಯಾ ನೋಡುತ್ತಾಳೆ. ನಾನು ಏಳನೆಯ ಕ್ಲಾಸಿನ ಪರೀಕ್ಷೆ ಬರೆಯದೆ ಶಾಲೆ ಬಿಟ್ಟವನು. ಮುಂಬಯಿಗೆ ಬಂದ ಮೇಲೆ ಅವಳಿಗೆ ಬರೆದ ಪ್ರತಿ ಕಾಗದವನ್ನೂ ತಿದ್ದಿ ವಾಪಸು ಕಳಿಸುತ್ತಿದ್ದಳು. ನನಗೆ ನಾಲ್ಕಕ್ಷರ ನೆಟ್ಟಗೆ ಬರೆಯಲು ಬರುವುದು ಆ ಕೆಂಪು ಶಾಯಿಯಿಂದ.

ಮೊದಲ ಆರು ವಾರ ಬರೀ ನಡಿಗೆ. ಆಮೇಲೆ ವ್ಯಾಯಾಮ ಮಾಡಿಸುವ ಫಿಸಿಯೋ ಮನೆಗೆ ಬರುವುದೆಂದು ನಿಶ್ಚಯವಾಯಿತು. ಹೆಂಡತಿ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, "ಅತ್ತಿಗೆ, ಹನ್ನೊಂದಕ್ಕೆ ತಾಈ ಬರ್ತಾರೆ, ಬಾಗಿಲು ತೆಗೀರಿ," ಎಂದು ಓಡಿದಳು. ಮರಾಠಿಯಲ್ಲಿ ತಾಈ ಅಂದರೆ ಅಕ್ಕ. ಇಲ್ಲಿ ನರ್ಸು, ಟೀಚರು, ತರಕಾರಿಯವಳು ಎಲ್ಲರೂ ತಾಈ. ಮರಾಠಿಯ ಗಂಧವಿಲ್ಲದ ಅಕ್ಕನ ಕಿವಿಗೆ ಬಿದ್ದದ್ದು 'ತಾಯಿ'.

ಯಾರೋ ಹಿರಿಯರು, ಮೂರು ಮಹಡಿ ಹತ್ತಿ ಬರುತ್ತಾರಲ್ಲ ಎಂದು ಅಕ್ಕ ಕುರ್ಚಿಗೆ ದಿಂಬು ಇಟ್ಟಳು. ಹಲ್ಲಿಲ್ಲದಿದ್ದರೂ ಉಣ್ಣುವ ಹಾಗೆ ಮೆತ್ತಗೆ ಗಂಜಿ ಬೇಯಿಸಿದಳು. ಹನ್ನೊಂದಕ್ಕೆ ಬಾಗಿಲು ತೆಗೆದರೆ ಜುಟ್ಟು ಹಾರಿಸಿಕೊಂಡು, ಎರಡೆರಡು ಮೆಟ್ಟಿಲು ಹಾರಿ ಬಂದ ಇಪ್ಪತ್ತಾರರ ಹುಡುಗಿ. ಅಕ್ಕ ಅವಳ ಹಿಂದೆ ಮೆಟ್ಟಿಲ ಕಡೆ ಬಗ್ಗಿ ನೋಡಿದಳು. ಯಾರೂ ಕಾಣಲಿಲ್ಲ. ನಿಮ್ಮ ತಾಯಿ ಬರಲಿಲ್ಲವಾ ಎಂದು ಪುಸ್ತಕದ ಹಿಂದಿಯಲ್ಲಿ ಕೇಳಿದಳು, "ಆಪ್‌ಕೀ ಮಾತಾಜೀ ನಹೀಂ ಆಯೀಂ ಕ್ಯಾ?"

ಹುಡುಗಿ ಗಾಬರಿಯಿಂದ, "ಅಮ್ಮ ಕುರ್ಲಾದಲ್ಲಿದ್ದಾಳೆ. ಅವಳಿಗೂ ಬೆನ್ನುನೋವು ಅಂತ ನಿಮಗೆ ಯಾರು ಹೇಳಿದರು?" ಅಂದಳು.

೩. ಪಾಠ ಸರಳ

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮರಾಠಿಯಲ್ಲಿ ಪಾಠ ಅಂದರೆ ಬೆನ್ನು. ಸರಳ ಅಂದರೆ ನೇರ. ಇದು ನನಗೆ ಗೊತ್ತಿತ್ತು, ಅಕ್ಕನಿಗೆ ಗೊತ್ತಿರಲಿಲ್ಲ.

ತಾಈ ನನ್ನನ್ನು ಚಾಪೆಯ ಮೇಲೆ ಮಂಡಿ ಮತ್ತು ಅಂಗೈ ಊರಿ ನಿಲ್ಲಿಸಿದಳು. ಬಲಗೈ ಮುಂದಕ್ಕೆ ಚಾಚಬೇಕು, ಎಡಗಾಲು ಹಿಂದಕ್ಕೆ. "ಕಾಕಾ, ಪಾಠ ಸರಳ ಠೇವಾ," ಅಂದಳು, ಬೆನ್ನು ನೇರ ಇಡಿ ಎಂದು.

ಅಕ್ಕ ಬಾಗಿಲಲ್ಲಿ ನಿಂತು ತಲೆದೂಗಿದಳು. "ಹೌದು, ಸುರುವಿಗೆ ಸರಳ ಪಾಠವೇ ಒಳ್ಳೇದು. ಒಮ್ಮೆಲೇ ಕಷ್ಟದ್ದು ಕೊಟ್ರೆ ಇವ ಶಾಲೆ ತಪ್ಪಿಸ್ತಾನೆ."

ನನಗೆ ನಗು ಒತ್ತರಿಸಿ ಬಂತು. ಒಂದು ಕೈ, ಒಂದು ಕಾಲು ಗಾಳಿಯಲ್ಲಿರುವಾಗ ನಗುವುದು ಎಂಥ ಶಿಕ್ಷೆ ಎಂದು ಅನುಭವಿಸಿದವನೇ ಬಲ್ಲ. ಮೈಯೆಲ್ಲ ನಡುಗಿತು. ತಾಈ ಹೆದರಿದಳು. "ಪಾಠ ದುಖತೇ ಕಾ?" ಎಂದು ಕೇಳಿದಳು. ಬೆನ್ನು ನೋಯುತ್ತಿದೆಯಾ ಎಂದರ್ಥ.

ಅಕ್ಕ ನನಗಿಂತ ಮೊದಲು ಉತ್ತರ ಕೊಟ್ಟಳು. "ಪಾಠ ಅಂದ್ರೆ ಇವನಿಗೆ ಚಿಕ್ಕಂದಿನಿಂದಲೂ ದುಃಖವೇ ಮಾರಾಯ್ತಿ."

ನಾನು ಚಾಪೆಯ ಮೇಲೆ ಮಕಾಡೆ ಬಿದ್ದೆ. ನಗು ನಿಂತ ಮೇಲೆ ಅಕ್ಕನಿಗೆ ಅರ್ಥ ಬಿಡಿಸಿ ಹೇಳಿದೆ. ಅವಳಿಗೆ ಒಂದು ಚೂರೂ ನಾಚಿಕೆಯಾಗಲಿಲ್ಲ. "ಬೆನ್ನಾದ್ರೂ ಪಾಠವೇ. ದಿನಾ ಮಾಡದಿದ್ರೆ ಬರುವುದಿಲ್ಲ," ಎಂದು ಒಂದು ಹಾಜರಿ ಪುಸ್ತಕ ತಂದು, ಮೊದಲ ಸಾಲು ಬರೆದಳು. ಸಂಜೆ ಹೆಂಡತಿ ಬಂದು ಓದಿದಳು: "ಕೈಕಾಲು ಎತ್ತಿ ನಿಂತದ್ದು ನಾಲ್ಕು ಸೆಕೆಂಡು. ನಕ್ಕದ್ದು ಹತ್ತು ನಿಮಿಷ. ಗಮನ ಕಡಿಮೆ."

೪. ಬ್ರಿಜ್ಜಿನಲ್ಲಿ ಭಟ್ರು

ನಾಲ್ಕು ಸೆಕೆಂಡು ಏಳಾಯಿತು, ಏಳು ಹನ್ನೆರಡಾಯಿತು. ಹನ್ನೆರಡಾದ ದಿನ ನಾನು ಕಟ್ಟಡದ ಎಲ್ಲ ಬಾಗಿಲು ಬಡಿದು ಹೇಳಬೇಕೆಂದಿದ್ದೆ, ಅಕ್ಕ ಬಿಡಲಿಲ್ಲ. ಸತ್ತೇಹೋಗಿದೆ ಅಂದುಕೊಂಡಿದ್ದ ಸ್ನಾಯು ಒಳಗಿನಿಂದ ಬಿಗಿಯಾಗಿ ಎದ್ದು ನಿಲ್ಲುತ್ತದಲ್ಲ, ಆ ಖುಷಿ ಮೊದಲ ಸಲ ಕಾವಲಿಯಿಂದ ಹರಿಯದೆ ಎದ್ದ ದೋಸೆಯ ಖುಷಿಗೆ ಸಮ. ನನಗೆ ಎರಡೂ ಗೊತ್ತು.

ಮೂರನೆಯ ತಿಂಗಳಲ್ಲಿ ತಾಈ ಇನ್ನೊಂದು ವ್ಯಾಯಾಮ ಕೊಟ್ಟಳು. ಅಂಗಾತ ಮಲಗಿ, ಮಂಡಿ ಮಡಿಸಿ, ಸೊಂಟ ಮೇಲೆತ್ತಿ ಹಿಡಿಯಬೇಕು. ಅದಕ್ಕೆ ಅವಳು ಬ್ರಿಜ್ ಅನ್ನುತ್ತಿದ್ದಳು. ಹತ್ತು ಬ್ರಿಜ್ ಆಗಬೇಕು. ಲೆಕ್ಕ ಅಕ್ಕನದು.

ಆರನೆಯ ಬ್ರಿಜ್ಜಿನಲ್ಲಿರುವಾಗ ಫೋನು ಬಂತು. ಧಣಿಗಳು. ಅಕ್ಕ ಎತ್ತಿದಳು.

"ಭಟ್ರು ಇದ್ದಾರಾ ಟೀಚರ್?"

"ಇದ್ದಾನೆ, ಬ್ರಿಜ್ಜಿನಲ್ಲಿದ್ದಾನೆ. ಆಮೇಲೆ ಮಾಡಿ."

ಘಾಟ್ಕೋಪರಿನವರಿಗೆ ಬ್ರಿಜ್ ಅಂದರೆ ಒಂದೇ, ಸ್ಟೇಷನ್ನಿನ ಮೇಲುಸೇತುವೆ. ಬೆಳಗಿನ ನೂಕುನುಗ್ಗಲಿನಲ್ಲಿ ಅಲ್ಲಿ ನೆಟ್ಟಗಿರುವವನ ಬೆನ್ನೂ ಉಳಿಯುವುದಿಲ್ಲ.

ಧಣಿಗಳ ದನಿ ಏರಿತು. "ಬ್ರಿಜ್ಜಿನಲ್ಲಾ? ಈ ಹೊತ್ತಿಗಾ? ಒಬ್ಬರೇನಾ?"

"ಒಬ್ಬನೇ ಮಾಡ್ಬೇಕು ಅಂತ ಡಾಕ್ಟ್ರು ಹೇಳಿದ್ದು. ಆರು ಆಯ್ತು, ಇನ್ನು ನಾಲ್ಕು ಬಾಕಿ ಉಂಟು," ಎಂದು ಅಕ್ಕ ಫೋನಿಟ್ಟಳು.

ಅರ್ಧ ಗಂಟೆಯ ಮೇಲೆ ಬಾಗಿಲು ಬಡಿದ ಸದ್ದು. ನೋಡಿದರೆ ನಮ್ಮ ಹೋಟೆಲಿನ ಇಬ್ಬರು ಸಪ್ಲಾಯರುಗಳು, ನಡುವೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. ನನ್ನನ್ನು ಹೊತ್ತು ತರಲು ಧಣಿಗಳು ಕಳಿಸಿದ್ದು. ಇಡೀ ಸೇತುವೆಯನ್ನು ಆ ಕುರ್ಚಿ ಹೊತ್ತುಕೊಂಡು ಎರಡು ಸಲ ಹುಡುಕಿದ್ದರು. ಒಬ್ಬ ಬೆವರು ಒರೆಸಿಕೊಳ್ಳುತ್ತಾ ಅದೇ ಕುರ್ಚಿಯಲ್ಲಿ ಕುಸಿದು ಹೇಳಿದ, "ಭಟ್ರೇ, ನೀವು ಸಿಗ್ಲಿಲ್ಲ. ಆದ್ರೆ ಬ್ರಿಜ್ಜಿನ ಮೇಲೆ ಮೂರು ಜನ ಇದು ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿದ್ರು."

೫. ಮೆಷಿನ್ ಕೂಗಿದ್ದು

ನಾಲ್ಕನೆಯ ತಿಂಗಳು ತಾಈ ತನ್ನ ಕ್ಲಿನಿಕ್ಕಿಗೆ ಬರಲು ಹೇಳಿದಳು. "ನೀವು ಕೆಲಸ ಮಾಡುವ ಸಾಮಾನು ತನ್ನಿ, ಹೇಗೆ ನಿಲ್ಲುತ್ತೀರಿ ನೋಡಬೇಕು," ಅಂದಳು. ಕಾವಲಿ ಹೊರಲಾಗುತ್ತದಾ? ದೋಸೆ ಮಗುಚುವ ನನ್ನ ಸಟ್ಟುಗವನ್ನು ಚೀಲಕ್ಕೆ ಹಾಕಿಕೊಂಡು ಮೆಟ್ರೋ ಸ್ಟೇಷನ್ನಿಗೆ ಹೋದೆ. ಅಂದು ನನಗೆ ಒಳಗೊಳಗೇ ಒಂದು ಹಿಗ್ಗು. ಬೆನ್ನಲ್ಲಿ ಇಷ್ಟು ಲೋಹ ಇದೆ, ತಪಾಸಣೆಯ ಮೆಷಿನ್ ಕೂಗಿಯೇ ಕೂಗುತ್ತದೆ, ನಾನು ಅಂಗಿ ಎತ್ತಿ ಗುರುತು ತೋರಿಸಬೇಕು, ಜನ ನೋಡಬೇಕು.

ಚೌಕಟ್ಟು ದಾಟಿದೆ. ಮೆಷಿನ್ ತೆಪ್ಪಗಿತ್ತು. ಹಿಂದೆ ಬಂದು ಮತ್ತೆ ದಾಟಿದೆ. ಊಹೂಂ. ಗಾರ್ಡಿಗೆ ನಾನೇ ಹೇಳಿದೆ, "ಸರಿಯಾಗಿ ನೋಡಪ್ಪ, ನಾಲ್ಕು ಸ್ಕ್ರೂ ಇದೆ." ಅವನು ನನ್ನ ತಲೆಯ ಕಡೆ ನೋಡಿ ಹಿಂದಿನವರನ್ನು ಕರೆದ.

ಅಷ್ಟರಲ್ಲಿ ಆ ಕಡೆ ಚೀಲದ ಮೆಷಿನ್ ಕೂಗಿ ನಿಂತಿತು. ಸಟ್ಟುಗ ಹೊರಗೆ ಬಂತು. ಮೂವತ್ತು ವರ್ಷ ಕಾವಲಿಗೆ ಉಜ್ಜಿ ಉಜ್ಜಿ ಅದರ ಅಂಚು ಕತ್ತಿಯ ಹಾಗಾಗಿದೆ. "ಯೇ ಕ್ಯಾ ಹಥಿಯಾರ್ ಹೈ?" ಇದೇನು ಆಯುಧ ಎಂದು ಇನ್ನೊಬ್ಬ ಗಾರ್ಡು ಅದನ್ನು ಎತ್ತಿ ಹಿಡಿದ. ಹಿಡಿದವನು ನನ್ನ ಮುಖ ನೋಡಿ ಕೈ ಇಳಿಸಿದ. "ಅರೇ, ದೋಸಾವಾಲೇ ಕಾಕಾ? ಕಬ್ ಆ ರಹೇ ಹೋ ವಾಪಸ್? ಆಜ್‌ಕಲ್ ವಹಾಂ ಚೀಸ್ ಕೇ ನೀಚೇ ದೋಸಾ ಢೂಂಢ್ನಾ ಪಡ್ತಾ ಹೈ."

ನಾನು ವಾಪಸು ಬರುವುದು ಯಾವಾಗಂತೆ. ಈಗ ಅಲ್ಲಿ ಚೀಸ್ ರಾಶಿಯ ಕೆಳಗೆ ದೋಸೆ ಹುಡುಕಬೇಕಂತೆ. ನನ್ನ ಕಾವಲಿಯ ಮೇಲೆ. ಇಲ್ಲ, ನಾನು ವಾಪಸು ಹೋಗಲೇಬೇಕು.

ಕ್ಲಿನಿಕ್ಕಿನಲ್ಲಿ ತಾಈ ಮೇಜನ್ನು ಕಾವಲಿ ಮಾಡಿ ನನ್ನನ್ನು ನಿಲ್ಲಿಸಿ ನೋಡಿದಳು. ಬೆನ್ನು ಬಗ್ಗಿಸಬಾರದು, ಕೆಳಗೆ ಸೊಂಟದ ಕೀಲಿನಿಂದ ಬಾಗಬೇಕು. ಮೈ ತಿರುಚಬಾರದು, ಪಾದ ತಿರುಗಿಸಬೇಕು. ಒಂದು ಕಾಲಿನ ಕೆಳಗೆ ಗಿಡ್ಡ ಸ್ಟೂಲು, ಆಗಾಗ ಕಾಲು ಬದಲು. "ಆರನೆಯ ತಿಂಗಳು ಹೋಟೆಲಿಗೇ ಬಂದು ಪರೀಕ್ಷೆ ಮಾಡುತ್ತೇನೆ," ಅಂದಳು. "ನಲವತ್ತು ನಿಮಿಷ ಕಾವಲಿ ಮುಂದೆ ನಿಲ್ಲಬೇಕು. ಮೂರು ಸಲ ಬೆನ್ನು ಬಗ್ಗಿದರೆ ಫೇಲ್. ಆಮೇಲೆ ಗಲ್ಲಾದ ಕೆಲಸವೇ ನೋಡಿಕೊಳ್ಳಿ."

ಇದನ್ನು ಧಣಿಗಳಿಗೆ ಫೋನಿನಲ್ಲಿ ಹೇಳಿದೆ. ಅವರು, "ಭಟ್ರೇ, ಚೆನ್ನಾಗಿ ಪ್ರಾಕ್ಟೀಸ್ ಮಾಡಿ. ನಾನು ಎಲ್ಲಿಗೆ ಹೋಗ್ಲಿ?" ಅಂದರು.

೬. ಪರೀಕ್ಷೆಯ ದಿನ

ಭಾನುವಾರ ಬೆಳಿಗ್ಗೆ ಎಂಟು. ಹೋಟೆಲು ತುಂಬಿ, ಹೊರಗೂ ಜನ. ಕಾವಲಿಯ ಎದುರಿನ ಟೇಬಲಿನಲ್ಲಿ ತಾಈ, ಅವಳ ಪಕ್ಕ ಹಾಜರಿ ಪುಸ್ತಕ ಹಿಡಿದ ಅಕ್ಕ. ಕಾವಲಿಗೆ ನೀರು ಚಿಮುಕಿಸಿದಾಗ ಎದ್ದ ಚುಂಯ್ ಸದ್ದಿಗೆ ಕಣ್ಣಲ್ಲಿ ನೀರು ಬಂತು. ಹೊಗೆ ಎಂದು ಹೇಳಿ ಒರೆಸಿಕೊಂಡೆ.

ಮೊದಲ ದೋಸೆ ಹರಿಯಿತು. ಅದನ್ನು ಉಳಿಸಲು ಬಗ್ಗಿದೆ. ತಾಈ ಅಲ್ಲಿಂದಲೇ ಕೂಗಿದಳು, "ಕಾಕಾ, ಪಾಠ ಸರಳ!"

ಒಂದಾಯಿತು. ನೆಟ್ಟಗೆ ನಿಂತೆ.

ಆ ಹೊತ್ತಿಗೆ ಸರಿಯಾಗಿ ಹಾದು ಹೋದ ಸಪ್ಲಾಯರು ಕುಂದಾಪುರದವರು, ನಲವತ್ತು ದಾಟಿದವರು, ಊರಿಂದ ಬಂದು ವಾರವಾಗಿರಲಿಲ್ಲ. ಮರಾಠಿ ಬಾರದು. ಟೇಬಲಿನಿಂದ ಯಾರೋ ಕೂಗಿದರೆ ಅದು ಆರ್ಡರು, ಅಷ್ಟೇ ಗೊತ್ತು. ನನ್ನ ಕಡೆ ತಿರುಗಿ ಗಟ್ಟಿಯಾಗಿ ರಾಗ ಎಳೆದರು, "ಏಕ್ ಪಾಠ ಸರಳ!"

ಪಕ್ಕದ ಟೇಬಲಿನ ಗುಜರಾತಿ ಹಿರಿಯರು ಕತ್ತು ಹೊರಳಿಸಿದರು. "ಯೇ ನಯಾ ಐಟಮ್ ಹೈ ಕ್ಯಾ?"

ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ನಮ್ಮ ಹೋಟೆಲು ಜನಕ್ಕಿಲ್ಲ. ಸಪ್ಲಾಯರು ಅಂದರು, "ಸ್ಪೆಷಲ್ ಹೈ ಸೇಠ್. ಸಿರ್ಫ್ ಆಜ್." ಇವತ್ತು ಮಾತ್ರವಂತೆ.

"ತೋ ಹಮ್‌ಕೋ ಭೀ ದೋ," ಅಂದರು ಹಿರಿಯರು, ನಮಗೂ ಒಂದು ಕೊಡು ಎಂದು.

ಇದನ್ನೆಲ್ಲ ಕೇಳಿಸಿಕೊಳ್ಳುತ್ತಾ ಹಿಟ್ಟಿಗೆ ಬಗ್ಗಿದೆ ನೋಡಿ, ಮತ್ತೆ ತಾಈಯ ಕೂಗು, "ಪಾಠ ಸರಳ!" ಎರಡಾಯಿತು. ಇನ್ನೊಂದು ಸಲ ಆದರೆ ಮುಗಿಯಿತು. ಸಪ್ಲಾಯರಿಗೆ ಮಾತ್ರ ಲೆಕ್ಕ ಬೇರೆ. "ತೀನ್ ಪಾಠ ಸರಳ, ಜಲ್ದಿ!"

ಇಲ್ಲದ ದೋಸೆಗೆ ಮೂರು ಆರ್ಡರು. ನನಗೆ ಹೊಳೆದದ್ದು ಒಂದೇ. ಚೀಸ್ ಬೇಡ, ಶೆಜ್ವಾನ್ ಬೇಡ, ತೆಳ್ಳಗೆ ಸಾದಾ ದೋಸೆ ಹರಡಿ, ಗರಿಗರಿ ಮಾಡಿ, ಕೋಲಿನ ಹಾಗೆ ನೆಟ್ಟಗೆ ಸುತ್ತಿದೆ. ಬೆನ್ನಿನ ಹಾಗೇ ಇರಲಿ ಎಂದು. ಗುಜರಾತಿ ಹಿರಿಯರು ಮುರಿದು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. "ದೂಸ್ರಾ ಲಾವೋ." ಇನ್ನೊಂದು ಬೇಕಂತೆ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆ ಟೇಬಲಿನಿಂದ ಈ ಟೇಬಲಿಗೆ ಸುದ್ದಿ ಹಬ್ಬಿತು. "ಪಾಠ ಸರಳ ದೋ." "ಇಧರ್ ಚಾರ್ ಪಾಠ ಸರಳ." ಮರಾಠಿ ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಆರ್ಡರು ಕೊಟ್ಟರು. ಪ್ರತಿ ಕೂಗಿಗೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಅರ್ಧ ನಿಮಿಷಕ್ಕೊಮ್ಮೆ ಇಡೀ ಹೋಟೆಲು ಬೆನ್ನು ನೇರ ಇಡು ಎಂದು ಕೂಗುತ್ತಿರುವಾಗ ಬಗ್ಗುವುದಾದರೂ ಹೇಗೆ? ನನ್ನ ಬದಲಿಗೆ ಬಂದಿದ್ದ ಪುಣ್ಯಾತ್ಮ ಚೀಸಿನ ಡಬ್ಬ ಬದಿಗಿಟ್ಟು ನನಗೆ ಪ್ಲೇಟು ಹಿಡಿದ. ಮೂರನೆಯ ತಪ್ಪು ಆಗಲೇ ಇಲ್ಲ.

ಉಸಿರು ತೆಗೆದುಕೊಳ್ಳಲು ತಲೆ ಎತ್ತಿದೆ. ತಾಈ ಎದ್ದು ನಿಂತಿದ್ದಳು. ಮೊಬೈಲಿನ ಅಲಾರಾಂ ನಲವತ್ತು ನಿಮಿಷಕ್ಕೇ ಬಾರಿಸಿತ್ತಂತೆ, ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. "ಕಾಕಾ, ಐವತ್ತೆಂಟು ನಿಮಿಷ," ಅಂದಳು.

ಅಕ್ಕ ಹಾಜರಿ ಪುಸ್ತಕ ತೆರೆದಳು. ನಾಲ್ಕೂವರೆ ತಿಂಗಳ ಕೆಂಪು ಶಾಯಿ. ಗಮನ ಕಡಿಮೆ. ಪರವಾಗಿಲ್ಲ. ಇಂದು ಸೋಮಾರಿತನ. ಕೊನೆಯ ಸಾಲಿನಲ್ಲಿ ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದಳು: "ಉತ್ತೀರ್ಣ." ಏಳನೆಯ ಕ್ಲಾಸಿನಲ್ಲಿ ನನಗೆ ಸಿಗದೆ ಹೋದ ಮಾತು ಅದು. "ನಿನ್ನ ರಿಸಲ್ಟ್ ಸ್ವಲ್ಪ ತಡವಾಯ್ತು," ಅಂದಳು ಅಕ್ಕ. ಈ ಸಲ ನಾನು ಹೊಗೆಯ ನೆಪ ಹೇಳಲಿಲ್ಲ. ಇಬ್ಬರೂ ಅತ್ತೆವು.

ಅಷ್ಟರಲ್ಲಿ ಧಣಿಗಳು ಗಲ್ಲಾದಿಂದ ಎದ್ದು ಹೋಗಿ, ಬಾಗಿಲ ಬಳಿಯ ಕರಿಹಲಗೆಯಲ್ಲಿ ಇಂದಿನ ಸ್ಪೆಷಲ್ ಎಂದು ನಾಗರಿ ಅಕ್ಷರದಲ್ಲಿ ಸೀಮೆಸುಣ್ಣದಿಂದ ಏನೋ ಬರೆದು ಬಂದು ಮತ್ತೆ ಕುಳಿತರು. ಅಕ್ಕ ಕಣ್ಣೊರೆಸಿಕೊಂಡು ಆ ಕಡೆ ನೋಡಿದಳು. ಎದ್ದು ಹೋಗಿ ಹತ್ತಿರದಿಂದ ಓದಿದಳು. 'ಪಾಟ ಸರಳ.'

"ಮಹಾಪ್ರಾಣ ಬಿಟ್ಟಿದೆ," ಎಂದು ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿದಳು. "ಯಾರು ಬರೆದದ್ದು?"

ಸಪ್ಲಾಯರುಗಳೆಲ್ಲ ಗಲ್ಲಾದ ಕಡೆ ನೋಡಿದರು. ನಲವತ್ತು ಜನಕ್ಕೆ ಸಂಬಳ ಕೊಡುವ ಧಣಿಗಳು ಕುರ್ಚಿಯಿಂದ ಮೆಲ್ಲಗೆ ಎದ್ದು, ಕೈ ಕಟ್ಟಿ ನಿಂತರು. "ನಾನು ಟೀಚರ್."

"ನಾಳೆಯಿಂದ ಹನ್ನೊಂದು ಗಂಟೆಗೆ ಮನೆಗೆ ಬನ್ನಿ," ಅಂದಳು ಅಕ್ಕ. "ಇವನ ಚಾಪೆ ಖಾಲಿ ಉಂಟು."